ವಿದ್ಯುತ್ ಕಾರು ಕೊಳ್ಳುವ ಮುನ್ನ ಮನೆಯ ಮೀಟರು ನೋಡಿ

ಹಸಿರು ಸಂಖ್ಯಾಫಲಕ ಹೊತ್ತು ಸದ್ದಿಲ್ಲದೆ ಸಾಗುವ ಕಾರುಗಳು ಈಗ ಬೆಂಗಳೂರಿನ ಬೀದಿಗಳಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ, ಗೌರಿಬಿದನೂರಿನಲ್ಲಿ, ಚಿಂತಾಮಣಿಯಲ್ಲಿ, ಶಿಡ್ಲಘಟ್ಟದಲ್ಲಿ ಕೂಡ ಅವು ಕಣ್ಣಿಗೆ ಬೀಳುತ್ತಿವೆ. ಮದುವೆ, ಗೃಹಪ್ರವೇಶಗಳಲ್ಲಿ ನಾಲ್ಕು ಜನ ಸೇರಿದರೆಂದರೆ ಮಾತು ಮಳೆ-ಬೆಳೆಯಿಂದ ಆರಂಭವಾಗಿ ಕರೆಂಟಿನ ಕಾರಿಗೆ ಬಂದು ನಿಲ್ಲುತ್ತದೆ. ಪೆಟ್ರೋಲಿನ ಖರ್ಚೇ ಇಲ್ಲವೆಂದು ಒಬ್ಬರು ಹೊಗಳಿದರೆ, ನಡುದಾರಿಯಲ್ಲಿ ಕೈಕೊಟ್ಟರೆ ಗತಿಯೇನೆಂದು ಮತ್ತೊಬ್ಬರು ಹೆದರಿಸುತ್ತಾರೆ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಹತ್ತು ಲಕ್ಷ ರೂಪಾಯಿಯ ಸುತ್ತಮುತ್ತ ಹಣ ಹೂಡುವ ಕುಟುಂಬಕ್ಕೆ ಅರ್ಧ ಸತ್ಯ ಸಾಲದು.

ಪೆಟ್ರೋಲ್ ಕಾರು ಕೊಂಡವರಿಗೆ ಊರ ಹೊರಗಿನ ಬಂಕು ಆಸರೆ. ವಿದ್ಯುತ್ ಕಾರು ಕೊಂಡವರಿಗೆ ಅವರ ಮನೆಯೇ ಬಂಕು. ಆದುದರಿಂದ ಕಾರಿನ ಬಣ್ಣ, ಪರದೆ, ಗಾಜಿನ ಛಾವಣಿಗಳನ್ನು ನೋಡುವ ಮೊದಲು ಮನೆಯ ಮೀಟರು ಪೆಟ್ಟಿಗೆಯನ್ನೂ ಮನೆಯವರು ವರ್ಷವಿಡೀ ಓಡಾಡುವ ದಾರಿಯನ್ನೂ ನೋಡಬೇಕೆಂಬುದು ನಮ್ಮ ಅಭಿಪ್ರಾಯ.

ಈ ವಾಹನ ನಮ್ಮ ನಾಡಿಗೆ ಹೊಸ ಅತಿಥಿಯೇನೂ ಅಲ್ಲ. ಬೆಂಗಳೂರಿನ ಚೇತನ್ ಮೈನಿಯವರ ರೇವಾ ಎಂಬ ಪುಟ್ಟ ಕಾರು 2001ರಲ್ಲಿಯೇ ರಸ್ತೆಗಿಳಿಯಿತು. ಬೊಮ್ಮಸಂದ್ರದಲ್ಲಿ ತಯಾರಾದ ಅದೇ ಕಾರು ಲಂಡನ್ನಿನ ಬೀದಿಗಳಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು. 2010ರಲ್ಲಿ ಕಂಪನಿ ಮಹೀಂದ್ರಾ ಸಂಸ್ಥೆಯ ಕೈ ಸೇರಿತು. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಕುಳಿತುಕೊಳ್ಳಬಹುದಾಗಿದ್ದ ಆ ಕಾರಿನಲ್ಲಿ ಇದ್ದುದು ಸೀಸ-ಆಮ್ಲದ ಬ್ಯಾಟರಿಗಳು. ಒಮ್ಮೆ ಚಾರ್ಜು ಮಾಡಿದರೆ ಸುಮಾರು 80 ಕಿಲೋಮೀಟರ್ ಓಟ. ಜಯನಗರದಿಂದ ಮಲ್ಲೇಶ್ವರಕ್ಕೆ ಹೋಗಿಬರುವವರಿಗೆ ಅದು ಧಾರಾಳವಾಯಿತು. ಚಿಕ್ಕಬಳ್ಳಾಪುರದವರು ಬೆಂಗಳೂರಿಗೆ ಹೋಗಿಬರಬೇಕಾದರೆ 120 ಕಿಲೋಮೀಟರ್ ಆಗುತ್ತದೆ, ಹೋದವರು ಮರಳುವಂತಿರಲಿಲ್ಲ. ನಮ್ಮ ನಾಲ್ಕು ತಾಲ್ಲೂಕುಗಳಿಗೆ ರೇವಾ ಬಾರದೆ ಹೋದುದಕ್ಕೆ ಕಾರಣ ಇಷ್ಟೇ ಸರಳವಾಗಿತ್ತು. ಈಗ ಲಿಥಿಯಂ ಬ್ಯಾಟರಿಗಳು ಬಂದು ಈ ಲೆಕ್ಕ ಬದಲಾಗಿದೆ. 2017ರಲ್ಲಿ ವಿದ್ಯುತ್ ವಾಹನಗಳಿಗೆಂದೇ ಪ್ರತ್ಯೇಕ ನೀತಿಯನ್ನು ರೂಪಿಸಿದ ಮೊದಲ ರಾಜ್ಯ ನಮ್ಮದೇ ಎಂಬುದನ್ನೂ ಇಲ್ಲಿ ನೆನೆಯಬಹುದು.

ಮನೆಯೇ ಬಂಕಾದಾಗ

ಬ್ಯಾಟರಿಯ ಗಾತ್ರವನ್ನು ಕಿಲೋವ್ಯಾಟ್-ಅವರ್ ಎಂಬ ಮಾನದಲ್ಲಿ ಹೇಳುತ್ತಾರೆ. ಓದುಗರು ಇದಕ್ಕೆ ಗಾಬರಿಯಾಗಬೇಕಾಗಿಲ್ಲ. ನಮ್ಮ ಕರೆಂಟಿನ ಬಿಲ್ಲಿನಲ್ಲಿ ಬರುವ ಒಂದು ಯೂನಿಟ್ಟೇ ಅದು. 2022ರಲ್ಲಿ ಬಂದ ಟಾಟಾ ಟಿಯಾಗೊ ವಿದ್ಯುತ್ ಕಾರನ್ನೇ ಉದಾಹರಣೆಗೆ ತೆಗೆದುಕೊಂಡರೆ, ದೊಡ್ಡ ಬ್ಯಾಟರಿಯುಳ್ಳ ಮಾದರಿಯದು 24 ಯೂನಿಟ್ಟು. ಮನೆಯಲ್ಲಿ ಗೀಸರಿಗೆ ಹಾಕಿಸುವಂತಹ 16 ಆಂಪಿಯರ್ ಸಾಕೆಟ್ಟಿನಿಂದ ಗಂಟೆಗೆ ಸುಮಾರು 3 ಯೂನಿಟ್ಟು ಕಾರಿಗೆ ಸೇರುತ್ತದೆ. ಅಂದರೆ ಖಾಲಿ ಬ್ಯಾಟರಿ ತುಂಬಲು ಎಂಟೊಂಬತ್ತು ಗಂಟೆ ಬೇಕು. ರಾತ್ರಿ ಹತ್ತಕ್ಕೆ ಹಾಕಿದರೆ ಬೆಳಿಗ್ಗೆ ಪೂಜೆಯ ವೇಳೆಗೆ ಮುಗಿಯುತ್ತದೆ, ಕರೆಂಟು ಹೋಗದಿದ್ದರೆ.

ಗೀಸರು ಉರಿಯುವುದು ಹೆಚ್ಚೆಂದರೆ ಅರ್ಧ ಗಂಟೆ. ಕಾರು ಅಷ್ಟೇ ಭಾರವನ್ನು ರಾತ್ರಿಯಿಡೀ ಎಳೆಯುತ್ತದೆ. ಇಪ್ಪತ್ತು ವರ್ಷಗಳ ಹಿಂದೆ ಹಾಕಿಸಿದ ತೆಳು ತಂತಿ, ಸಡಿಲಗೊಂಡ ಸಾಕೆಟ್ಟು ಇದನ್ನು ತಾಳಲಾರವು. ಪ್ಲಗ್ಗು ಕಾದು ಕರಗಿದರೆ ಬೆಂಕಿಯ ಭಯ. ಆದುದರಿಂದ ಮೀಟರಿನಿಂದ ಕಾರು ನಿಲ್ಲುವ ಜಾಗಕ್ಕೆ ನೇರವಾಗಿ ಪ್ರತ್ಯೇಕ ತಂತಿ ಎಳೆಸಬೇಕು. ಅದು 4 ಚದರ ಮಿಲಿಮೀಟರಿನ ತಾಮ್ರದ ತಂತಿಯಾಗಿದ್ದರೆ ಒಳ್ಳೆಯದು. ಅದಕ್ಕೆ ಬೇರೆಯದೇ ಎಂ.ಸಿ.ಬಿ., ಸೋರಿಕೆ ಕಂಡ ಕೂಡಲೇ ಕಡಿದುಹಾಕುವ ಆರ್.ಸಿ.ಸಿ.ಬಿ. ಇರಬೇಕು. ಕಿಟಕಿಯಿಂದ ಎಕ್ಸ್‌ಟೆನ್ಷನ್ ಬೋರ್ಡು ಇಳಿಬಿಟ್ಟು ಚಾರ್ಜು ಮಾಡುವುದನ್ನು ನಾವು ಅಲ್ಲಲ್ಲಿ ಕಂಡಿದ್ದೇವೆ. ಮಕ್ಕಳಿರುವ ಮನೆಗಳಲ್ಲಿ ಅದು ಸರ್ವಥಾ ಕೂಡದು.

ನಮ್ಮ ಊರುಗಳ ಹಳೆಯ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಗೋಡೆಯ ಸಾಕೆಟ್ಟಿಗೆ ಮೂರು ತೂತು ಇರುತ್ತವೆ, ಆದರೆ ಮೂರನೆಯದಕ್ಕೆ ತಂತಿಯೇ ಇರುವುದಿಲ್ಲ. ಇದ್ದರೂ ಅರ್ಥಿಂಗ್ ಗುಂಡಿ ಒಣಗಿ ಹೋಗಿರುತ್ತದೆ. ಫ್ಯಾನು, ಮಿಕ್ಸಿ, ಟಿ.ವಿ.ಗಳು ಇದನ್ನು ಲೆಕ್ಕಿಸದೆ ನಡೆಯುತ್ತವೆ. ಕಾರಿನ ಚಾರ್ಜರು ಹಾಗಲ್ಲ. ಅರ್ಥಿಂಗ್ ಸರಿಯಿಲ್ಲವೆಂದು ಕಂಡರೆ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಹೊಸ ಕಾರು ಮನೆಗೆ ಬಂದ ದಿನವೇ ಚಾರ್ಜು ಆಗದೆ ಕಂಪನಿಯವರನ್ನು ದೂರುವ ಎಷ್ಟೋ ಪ್ರಸಂಗಗಳಿಗೆ ಮೂಲ ಈ ಒಣಗಿದ ಗುಂಡಿಯೇ. ಇದ್ದಿಲು, ಉಪ್ಪು ಹಾಕಿ ಹೊಸ ಗುಂಡಿ ಮಾಡಿಸಿ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಂದು ಕೊಡ ನೀರು ಹಾಕಿದರೆ ಸಾಕು. ಮಳೆ ಕಡಿಮೆಯಾದ ಈ ಬಯಲುಸೀಮೆಯಲ್ಲಿ ಆ ಒಂದು ಕೊಡ ನೀರನ್ನು ಮರೆಯುವಂತಿಲ್ಲ.

ಮೀಟರಿನ ಮಂಜೂರಾತಿ ಎಷ್ಟಿದೆಯೆಂಬುದನ್ನೂ ಬಿಲ್ಲಿನಲ್ಲಿ ನೋಡಿಕೊಳ್ಳಬೇಕು. ಒಂದು ಅಥವಾ ಎರಡು ಕಿಲೋವ್ಯಾಟ್ ಮಂಜೂರಾದ ಮನೆಗಳೇ ನಮ್ಮಲ್ಲಿ ಹೆಚ್ಚು. ಕಾರೊಂದೇ ಮೂರು ಕಿಲೋವ್ಯಾಟ್ ಬೇಡುವುದರಿಂದ ಬೆಸ್ಕಾಂ ಉಪವಿಭಾಗದ ಕಚೇರಿಗೆ ಅರ್ಜಿ ಕೊಟ್ಟು ಲೋಡನ್ನು ಹೆಚ್ಚಿಸಿಕೊಳ್ಳಬೇಕಾಗುತ್ತದೆ. ಅದರೊಡನೆ ತಿಂಗಳ ನಿಗದಿತ ಶುಲ್ಕವೂ ಏರುತ್ತದೆ. ಸ್ವಂತ ಕಾರನ್ನು ಸ್ವಂತ ಮನೆಯ ಮೀಟರಿನಿಂದ ಚಾರ್ಜು ಮಾಡಲು ಬೇರೆ ಪರವಾನಗಿ ಬೇಕಾಗಿಲ್ಲ, ಗೃಹಬಳಕೆಯ ದರವೇ ಅನ್ವಯಿಸುತ್ತದೆ. ತೋಟದ ಮನೆಯವರಿಗೆ ಮಾತ್ರ ಒಂದು ಎಚ್ಚರಿಕೆ. ಪಂಪ್‌ಸೆಟ್ಟಿನ ಸಂಪರ್ಕದಿಂದ ಕಾರಿಗೆ ಕೊಕ್ಕೆ ಹಾಕುವುದು ವಿದ್ಯುತ್ ಕಾಯಿದೆಯ ಪ್ರಕಾರ ಅನಧಿಕೃತ ಬಳಕೆಯಾಗುತ್ತದೆ. ಸರದಿಯ ಮೇಲೆ ಕೆಲವೇ ಗಂಟೆ ಬರುವ ಆ ಕರೆಂಟಿನಿಂದ ಕಾರು ತುಂಬುವುದೂ ಇಲ್ಲ.

ಇನ್ನು ಪೇಟೆಯ ಒಳಗಿನ ಮನೆಗಳ ಪಾಡು. ಶಿಡ್ಲಘಟ್ಟ, ಚಿಂತಾಮಣಿಗಳ ಹಳೆಯ ಬೀದಿಗಳಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ ಇರುವವರು ಕಾರನ್ನು ಎರಡು ಬೀದಿ ಆಚೆಗಿನ ಬಯಲಿನಲ್ಲೋ ನೆಂಟರ ಅಂಗಳದಲ್ಲೋ ನಿಲ್ಲಿಸುತ್ತಾರೆ. ಮೀಟರು ಒಂದು ಕಡೆ, ಕಾರು ಇನ್ನೊಂದು ಕಡೆ. ಇಂತಹವರಿಗೆ ವಿದ್ಯುತ್ ಕಾರು ಈಗಲೇ ಬೇಡವೆಂದು ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ. ಬಾಡಿಗೆ ಮನೆಯಲ್ಲಿ ಇರುವವರು ಮನೆಯ ಮಾಲೀಕರನ್ನು ಮೊದಲು ಒಪ್ಪಿಸಿಕೊಂಡು, ತಮಗೇ ಪ್ರತ್ಯೇಕ ಮೀಟರು ಇದ್ದರೆ ಮಾತ್ರ ಮುಂದುವರಿಯುವುದು ಮೇಲು.

ಗೃಹಜ್ಯೋತಿಯ ಲೆಕ್ಕ

2023ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಗೃಹಜ್ಯೋತಿಯಿಂದ ನಮ್ಮ ಬಹುತೇಕ ಮನೆಗಳಿಗೆ ಕರೆಂಟಿನ ಬಿಲ್ಲು ಸೊನ್ನೆಯಾಗಿ ಬರುವುದು ರೂಢಿಯಾಗಿದೆ. ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ಪ್ರತಿ ಮನೆಗೂ ಉಚಿತ ಮಿತಿ ಗೊತ್ತುಮಾಡಿದ್ದಾರೆ. ಆ ಮಿತಿ ದಾಟಿದರೆ ಹೆಚ್ಚುವರಿ ಯೂನಿಟ್ಟುಗಳಿಗೆ ಹಣ. ತಿಂಗಳಿಗೆ 200 ಯೂನಿಟ್ಟು ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಕಾರು ಕೊಳ್ಳುವವರು ಮರೆಯುವ ಅಂಶ ಇದೇ.

ಎರಡು ಮನೆಗಳನ್ನು ಕಲ್ಪಿಸಿಕೊಳ್ಳೋಣ. ಸುಲಭಕ್ಕಾಗಿ ಪೆಟ್ರೋಲು ಲೀಟರಿಗೆ 100 ರೂಪಾಯಿ, ಕರೆಂಟು ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿಯೋಣ. ಪೆಟ್ರೋಲ್ ಕಾರು ಲೀಟರಿಗೆ 16 ಕಿಲೋಮೀಟರ್, ವಿದ್ಯುತ್ ಕಾರು ಯೂನಿಟ್ಟಿಗೆ 7 ಕಿಲೋಮೀಟರ್ ಓಡುತ್ತದೆಂದೂ, ಚಾರ್ಜು ಮಾಡುವಾಗ ಹತ್ತರಲ್ಲಿ ಒಂದು ಪಾಲು ವ್ಯರ್ಥವಾಗುತ್ತದೆಂದೂ ಇಟ್ಟುಕೊಳ್ಳೋಣ.

ಮೊದಲನೆಯ ಮನೆಯ ಯಜಮಾನರು ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ತಿಂಗಳಿಗೆ 25 ದಿನ ಕೆಲಸಕ್ಕೆ ಹೋಗಿಬರುತ್ತಾರೆ. ತಿಂಗಳಿಗೆ 3,000 ಕಿಲೋಮೀಟರ್. ಪೆಟ್ರೋಲಿಗೆ 18,750 ರೂಪಾಯಿ ಆಗುತ್ತಿದ್ದುದು ಕರೆಂಟಿನಲ್ಲಿ ಸುಮಾರು 475 ಯೂನಿಟ್ಟು, ಅಂದರೆ 2,850 ರೂಪಾಯಿ ಆಗುತ್ತದೆ. ಗೃಹಜ್ಯೋತಿ ತಪ್ಪಿ ಮನೆಯ ಬಳಕೆಗೂ ಹಣ ಕಟ್ಟಬೇಕಾಗಿ ಬಂದರೂ ಅವರಿಗೆ ಅದು ದೊಡ್ಡ ಮೊತ್ತವಲ್ಲ.

ಎರಡನೆಯ ಮನೆಯವರು ಚಿಂತಾಮಣಿಯಲ್ಲಿ ಅಂಗಡಿ ಇಟ್ಟುಕೊಂಡವರು. ಕಾರು ಹೊರಡುವುದು ಮದುವೆ, ಜಾತ್ರೆ, ಆಸ್ಪತ್ರೆ, ತವರುಮನೆಗಳಿಗೆ ಮಾತ್ರ. ತಿಂಗಳಿಗೆ 500 ಕಿಲೋಮೀಟರ್. ಪೆಟ್ರೋಲಿನ ಖರ್ಚು 3,125 ರೂಪಾಯಿ. ಕಾರಿಗೆ ಬೇಕಾದದ್ದು ಸುಮಾರು 80 ಯೂನಿಟ್ಟು, 480 ರೂಪಾಯಿ. ಆದರೆ ಮನೆಯಲ್ಲಿ ಮೊದಲೇ 130 ಯೂನಿಟ್ಟು ಉಚಿತವಾಗಿ ಉರಿಯುತ್ತಿದ್ದರೆ, ಎರಡೂ ಸೇರಿ 210 ಆಗಿ, ಹತ್ತು ಯೂನಿಟ್ಟಿನ ದೆಸೆಯಿಂದ 1,260 ರೂಪಾಯಿ, ಮೇಲೆ ನಿಗದಿತ ಶುಲ್ಕ, ಎಲ್ಲವನ್ನೂ ಕಟ್ಟಬೇಕಾಗುತ್ತದೆ. ಉಳಿತಾಯ ಅರ್ಧದ ಹತ್ತಿರಕ್ಕೆ ಇಳಿಯಿತು.

ಕೊಳ್ಳುವಾಗ ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ವಿದ್ಯುತ್ ಕಾರಿಗೆ 3 ಲಕ್ಷ ರೂಪಾಯಿ ಹೆಚ್ಚು ಕೊಟ್ಟೆವೆಂದುಕೊಳ್ಳೋಣ. ಗೃಹಜ್ಯೋತಿಯ ನಷ್ಟವನ್ನು ಬದಿಗಿಟ್ಟರೂ, ಕಿಲೋಮೀಟರಿಗೆ ಸುಮಾರು 5 ರೂಪಾಯಿ 30 ಪೈಸೆ ಉಳಿಯುವ ಲೆಕ್ಕದಲ್ಲಿ ಆ ಹಣ ಮರಳಲು 56,000 ಕಿಲೋಮೀಟರಿಗೂ ಮಿಗಿಲಾಗಿ ಓಡಬೇಕು. ಮೊದಲನೆಯವರು ಅದನ್ನು ಒಂದೂವರೆ ವರ್ಷದ ಆಸುಪಾಸಿನಲ್ಲಿ ಮುಟ್ಟುತ್ತಾರೆ. ಎರಡನೆಯವರಿಗೆ ಒಂಬತ್ತು ವರ್ಷಗಳ ಮೇಲೆ ಬೇಕು. ಬ್ಯಾಟರಿಗೆ ಸಾಮಾನ್ಯವಾಗಿ ಕೊಡುವ ಖಾತರಿ 8 ವರ್ಷ ಅಥವಾ 1,60,000 ಕಿಲೋಮೀಟರ್. ಸಾಲದ ಬಡ್ಡಿಯನ್ನು ನಾವು ಇದರಲ್ಲಿ ಸೇರಿಸಿಯೇ ಇಲ್ಲ. ಹೆಚ್ಚು ಓಡುವವರಿಗೆ ಲಾಭ, ಕಡಿಮೆ ಓಡುವವರಿಗೆ ನಷ್ಟ ಎಂಬ ಈ ವಿಚಿತ್ರ ನಮ್ಮ ಮಿತವ್ಯಯದ ಸಂಸಾರಗಳಿಗೆ ಒಪ್ಪಲು ಸ್ವಲ್ಪ ಕಷ್ಟ. ಲೆಕ್ಕ ಮಾತ್ರ ಹಾಗೆಯೇ ಇದೆ. ಕೊಳ್ಳುವ ಮುನ್ನ ಎರಡು ತಿಂಗಳು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕಾರು ಓಡಿದ ದೂರವನ್ನು ಬರೆದಿಡಿ ಎಂದು ಗೃಹಿಣಿಯರಲ್ಲಿ ನಮ್ಮ ವಿನಂತಿ. ಹಾಲಿನ ಲೆಕ್ಕ ಬರೆಯುವ ಕೈಗೆ ಇದೇನೂ ಭಾರವಲ್ಲ.

ದಾರಿಯ ಮೇಲೆ

ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಈ ನಾಲ್ಕೂ ಊರುಗಳು ಒಂದೇ ರಸ್ತೆಯ ಮೇಲಿವೆ. ಹಿಂದೆ 234 ಎಂದು ಕರೆಯುತ್ತಿದ್ದ, ಈಗ 69 ಎಂಬ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿ ಅದು. ಗೌರಿಬಿದನೂರಿನಿಂದ ಚಿಂತಾಮಣಿಗೆ ಸುಮಾರು 80 ಕಿಲೋಮೀಟರ್. ಹೋಗಿಬರುವುದಕ್ಕೆ ಈಗಿನ ಕಾರುಗಳಿಗೆ ದಾರಿಯಲ್ಲಿ ಚಾರ್ಜಿನ ಅವಶ್ಯಕತೆ ಬರುವುದಿಲ್ಲ. ನಾಲ್ಕೂ ಊರುಗಳಿಂದ ಬೆಂಗಳೂರಿಗೆ 60ರಿಂದ 80 ಕಿಲೋಮೀಟರ್ ಒಳಗಿನ ದೂರ. ನಿತ್ಯದ ಓಡಾಟಕ್ಕೆ ಇಷ್ಟು ಅನುಕೂಲವಾದ ಭೂಗೋಳ ಎಲ್ಲರಿಗೂ ಸಿಗದು.

ಆದರೆ ಕಂಪನಿಯ ಜಾಹೀರಾತಿನ ಅಂಕಿಯನ್ನು ನಂಬಿ ಹೊರಡಬಾರದು. ಮೇಲೆ ಹೇಳಿದ 24 ಯೂನಿಟ್ಟಿನ ಕಾರಿಗೆ ಅದು ಬಂದಾಗ ಹೇಳಿದ ಓಟ 315 ಕಿಲೋಮೀಟರ್. ಪ್ರಯೋಗಶಾಲೆಯಲ್ಲಿ ನಿಧಾನಗತಿಯಲ್ಲಿ ಅಳೆದ ಅಂಕಿ ಅದು. ನಾಲ್ಕು ಜನ ಕುಳಿತು, ಏಪ್ರಿಲ್ ಬಿಸಿಲಿಗೆ ಎ.ಸಿ. ಹಾಕಿ, ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಹೋದರೆ ಮೂರರಲ್ಲೊಂದು ಭಾಗ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಳೆಯುತ್ತದೆ. ಗೌರಿಬಿದನೂರಿನಿಂದ ಮಧುಗಿರಿ ಮಾರ್ಗವಾಗಿ ಸಿದ್ಧಗಂಗೆಗೆ ಹೋಗಿಬರಲು ಸುಮಾರು 160 ಕಿಲೋಮೀಟರ್ ಆಗುತ್ತದೆ. ಕಾಗದದ ಮೇಲೆ ಇದು ಆರಾಮ. ಶಿವರಾತ್ರಿಯ ಜಾತ್ರೆಯ ಗದ್ದಲದಲ್ಲಿ ಸುತ್ತಿ ಬಳಸಿ ಹೋಗಿ, ಮಧುಗಿರಿಯ ನೆಂಟರ ಮನೆಗೂ ತಿರುಗಿ ಬರುವಾಗ ಮೀಟರಿನ ಮುಳ್ಳನ್ನೇ ನೋಡುತ್ತಾ ಕೂರಬೇಕಾಗುತ್ತದೆ. ಇಂತಹ ದಿನ ತುಮಕೂರು ನಗರದಲ್ಲಿ ಅರ್ಧ ಗಂಟೆ ಶೀಘ್ರ ಚಾರ್ಜು ಮಾಡಿಕೊಂಡು ಹೊರಡುವುದೇ ವಿವೇಕ.

ಶೀಘ್ರ ಚಾರ್ಜು ಎಂಬುದು ಎಲ್ಲ ಕಾರುಗಳಿಗೂ ಇಲ್ಲ. 2023ರಲ್ಲಿ ಬಂದ ಎಂ.ಜಿ. ಕಾಮೆಟ್‌ನಂತಹ ಪುಟ್ಟ ಕಾರು ಅದಿಲ್ಲದೆಯೇ ಮಾರುಕಟ್ಟೆಗೆ ಬಂತು. ಅಂತಹ ಕಾರು ಊರೊಳಗಿನ ಓಡಾಟಕ್ಕಷ್ಟೇ ತಕ್ಕುದು. ಇದ್ದ ಕಾರುಗಳಿಗೂ ದಾರಿಯ ಚಾರ್ಜು ಅಗ್ಗವಲ್ಲ. ಶೇಕಡ 18ರ ಜಿ.ಎಸ್‌.ಟಿ. ಸೇರಿ ಯೂನಿಟ್ಟಿಗೆ 20 ರೂಪಾಯಿ ದಾಟಿದರೆ ಆಶ್ಚರ್ಯವಿಲ್ಲ. ಚಾರ್ಜಿಂಗ್ ಕೇಂದ್ರಗಳು ಜನಸಂದಣಿ ಇರುವ 44ರ ಹೆದ್ದಾರಿಯಂತಹ ಕಡೆ ಹೆಚ್ಚು, ಒಳದಾರಿಗಳಲ್ಲಿ ವಿರಳ. ಒಂದೊಂದು ಕಂಪನಿಗೂ ಒಂದೊಂದು ಆ್ಯಪು, ಒಂದೊಂದರಲ್ಲೂ ಮುಂಗಡ ಹಣ. ಮಗ ಊರಿನಲ್ಲಿಲ್ಲದಾಗ ಅರವತ್ತೈದರ ತಂದೆ ಫೋನು ಹಿಡಿದು ಒ.ಟಿ.ಪಿ.ಗೆ ಕಾಯುವ ದೃಶ್ಯ ನೋಡಿದರೆ, ನೂರರ ನೋಟು ತೆಗೆದುಕೊಂಡು ಪೆಟ್ರೋಲು ಹಾಕುವ ಬಂಕಿನ ಹುಡುಗನ ಬೆಲೆ ತಿಳಿಯುತ್ತದೆ. ಹೊರಡುವ ಮೊದಲೇ ಆ ಕೇಂದ್ರ ನಡೆಯುತ್ತಿದೆಯೇ ಎಂದು ವಿಚಾರಿಸಿ, ಅದು ಕೆಟ್ಟಿದ್ದರೆ ಮುಂದಿನದನ್ನು ಮುಟ್ಟುವಷ್ಟು ಚಾರ್ಜು ಉಳಿಸಿಕೊಂಡಿರಬೇಕು.

ನಂದಿಬೆಟ್ಟದ ಏರಿನ ಬಗ್ಗೆ ಅನೇಕರಿಗೆ ಅನುಮಾನವಿದೆ. ಬೆಟ್ಟದ ಎತ್ತರ 1,478 ಮೀಟರ್. ಚಿಕ್ಕಬಳ್ಳಾಪುರದ ನೆಲಮಟ್ಟದಿಂದ ಸುಮಾರು 550 ಮೀಟರ್ ಏರಬೇಕು. ಜನರೂ ಸೇರಿ ಒಂದೂವರೆ ಟನ್ ತೂಗುವ ಕಾರನ್ನು ಅಷ್ಟು ಎತ್ತಲು ಮಾಮೂಲಿ ಓಟದ ಖರ್ಚಿನ ಮೇಲೆ ಎರಡೂವರೆ, ಮೂರು ಯೂನಿಟ್ಟು ಹೆಚ್ಚು ಬೇಕು, ಅಷ್ಟೇ. ಇಳಿಯುವಾಗ ಮೋಟಾರೇ ಜನರೇಟರಿನಂತೆ ತಿರುಗಿ ಅದರಲ್ಲಿ ಒಂದು ಪಾಲನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಬ್ರೇಕೂ ಕಡಿಮೆ ಸವೆಯುತ್ತದೆ. ಪೆಟ್ರೋಲ್ ಕಾರು ಬೆಟ್ಟ ಇಳಿಯುವಾಗ ಟ್ಯಾಂಕಿಗೆ ಒಂದು ತೊಟ್ಟನ್ನೂ ವಾಪಸು ಕೊಟ್ಟುದಿಲ್ಲ.

ಇದಕ್ಕಿಂತ ಗಂಭೀರವಾದದ್ದು ಅಪರಾತ್ರಿಯ ಪ್ರಯಾಣ. ಮನೆಯಲ್ಲಿ ವೃದ್ಧರೋ ತುಂಬು ಗರ್ಭಿಣಿಯೋ ಇದ್ದು, ರಾತ್ರಿ ಎರಡು ಗಂಟೆಗೆ ಬೆಂಗಳೂರಿನ ಆಸ್ಪತ್ರೆಗೆ ಹೊರಡಬೇಕಾಗಿ ಬಂದರೆ, ಸಂಜೆ ಕಾರು ಹತ್ತು ಶೇಕಡ ಚಾರ್ಜಿನಲ್ಲಿ ಬಂದು ನಿಂತಿದ್ದು ನಡುವೆ ಕರೆಂಟೂ ಹೋಗಿದ್ದರೆ ಏನು ಮಾಡುವುದು? ಬರದ ವರ್ಷವಾದ 2023ರ ಅಕ್ಟೋಬರಿನಲ್ಲಿ ರಾಜ್ಯ ಅನುಭವಿಸಿದ ಲೋಡ್ ಶೆಡ್ಡಿಂಗನ್ನು ಯಾರೂ ಮರೆತಿಲ್ಲ. ಆಂಬುಲೆನ್ಸಿಗೆ 108 ಇದೆ, ನಿಜ. ಆದರೂ ಇಂತಹ ಮನೆಗಳಲ್ಲಿ ಚಾರ್ಜು ಎಂದೂ ಅರ್ಧಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳುವ ನಿಯಮವಿರಬೇಕು. ಮನೆಯಲ್ಲಿ ಒಂದೇ ಕಾರು, ಅದೂ ದಿನವೂ ಬೆಂಗಳೂರಿಗೆ ಹೋಗಿ ಖಾಲಿಯಾಗಿ ಬರುವಂತಿದ್ದರೆ ಒಂದು ಅಳತೆ ದೊಡ್ಡ ಬ್ಯಾಟರಿಯನ್ನೇ ಕೊಳ್ಳುವುದು ಲೇಸು. ಈ ಖರ್ಚನ್ನು ನಾವು ದುಂದು ಎನ್ನುವುದಿಲ್ಲ.

ದುರಸ್ತಿಯ ವಿಷಯದಲ್ಲಿ ಹೇಳಬೇಕಾದದ್ದು ಸ್ವಲ್ಪವೇ. ಎಂಜಿನ್ ಆಯಿಲು, ಕ್ಲಚ್ಚುಗಳ ಗೋಳಿಲ್ಲ. ಆದರೆ ಕಿತ್ತಳೆ ಬಣ್ಣದ ಕೇಬಲ್ಲುಗಳಲ್ಲಿ ನೂರಾರು ವೋಲ್ಟ್ ಹರಿಯುವುದರಿಂದ ತರಬೇತಿ ಇಲ್ಲದ ಮೆಕ್ಯಾನಿಕ್ ಕೈಹಾಕುವಂತಿಲ್ಲ. ಎಷ್ಟೇ ನಂಬಿಕೆಯ ಹಳೆಯ ಗ್ಯಾರೇಜಾದರೂ ಸರಿಯೇ. ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಯಬಾರದು, ಚಕ್ರಗಳು ನೆಲ ತಾಗದಂತೆ ಲಾರಿಯ ಮೇಲೆ ಸಾಗಿಸಬೇಕು. ಈ ಕಾರುಗಳಲ್ಲೂ ಮಾಮೂಲಿ 12 ವೋಲ್ಟಿನ ಸಣ್ಣ ಬ್ಯಾಟರಿಯೊಂದು ಇದ್ದು, ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಏಳುವುದಿಲ್ಲವೆಂಬುದು ಹಲವರಿಗೆ ತಿಳಿಯದು. ತೆರಿಗೆಯಲ್ಲಿ 2016ರಿಂದ ರಾಜ್ಯ ವಿನಾಯಿತಿ ಕೊಟ್ಟಿತ್ತು. 2024ರಲ್ಲಿ 25 ಲಕ್ಷಕ್ಕೂ ಮೀರಿದ ಕಾರುಗಳಿಗೆ ಶೇಕಡ 10 ತೆರಿಗೆ ಬಂತು. ಕೊಳ್ಳುವ ದಿನದ ದರವನ್ನು ಆರ್.ಟಿ.ಓ. ಕಚೇರಿಯಲ್ಲಿಯೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಕೊನೆಯದಾಗಿ ನಮ್ಮ ಸಮಾಜದ ಕಲ್ಯಾಣಮಂಟಪಗಳ, ವಿದ್ಯಾರ್ಥಿನಿಲಯಗಳ ಆಡಳಿತ ಮಂಡಳಿಯವರಲ್ಲಿ ಒಂದು ಸಲಹೆ. ಮದುವೆಗೆ ಬಂದವರ ಕಾರುಗಳು ಧಾರೆಯಿಂದ ಊಟದವರೆಗೆ ನಾಲ್ಕು ಗಂಟೆ ಸುಮ್ಮನೆ ನಿಂತಿರುತ್ತವೆ. ಆವರಣದ ಗೋಡೆಗೆ ಸರಿಯಾದ ಅರ್ಥಿಂಗ್ ಇರುವ ನಾಲ್ಕು 16 ಆಂಪಿಯರ್ ಸಾಕೆಟ್ಟುಗಳನ್ನು ಹಾಕಿಸಿದರೆ ಪ್ರತಿ ಕಾರಿಗೂ 12 ಯೂನಿಟ್ಟು, ಅಂದರೆ 80 ಕಿಲೋಮೀಟರ್ ದಾರಿಗಾಗುವಷ್ಟು ಸೇರುತ್ತದೆ. ಬೆಂಗಳೂರಿನಿಂದ ಬಂದ ನೆಂಟರು ಮರಳಿ ಮನೆ ಮುಟ್ಟಲು ಅಷ್ಟು ಸಾಕು. ಲಕ್ಷಗಟ್ಟಲೆ ಬೆಲೆಯ ಶೀಘ್ರ ಚಾರ್ಜರು ಇದಕ್ಕೆ ಬೇಕಾಗಿಲ್ಲ. ಆದರೆ ನಾಲ್ಕು ಕಾರು ಸೇರಿದರೆ 12 ಕಿಲೋವ್ಯಾಟ್ ಆಗುತ್ತದೆ, ಮೇಲೆ ಸೀರಿಯಲ್ ದೀಪ, ಅಡುಗೆಮನೆಯ ಗ್ರೈಂಡರು. ಆದುದರಿಂದ ಲೋಡಿನ ಮಂಜೂರಾತಿ ಮೊದಲು ಆಗಬೇಕು. ಸಾಕೆಟ್ಟುಗಳಿಗೆ ಒಳಮೀಟರು ಹಾಕಿಸಿ, ಬಳಸಿದವರಿಂದ ಯೂನಿಟ್ಟಿನ ಲೆಕ್ಕದಲ್ಲಿ ಹಣ ಪಡೆಯುವುದು ನ್ಯಾಯ. ಮಂಟಪಗಳಿಗೆ ವಾಣಿಜ್ಯ ದರ ಬೀಳುತ್ತದೆಂಬುದನ್ನು ನೆನಪಿಡಬೇಕು. ಊಟವನ್ನು ದಾಸೋಹವೆಂದು ಬಡಿಸಬಹುದು. ಕರೆಂಟನ್ನು ಹಾಗೆ ಬಡಿಸಹೊರಟರೆ ಮಂಡಳಿಯ ಖಜಾಂಚಿ ಒಪ್ಪಲಾರರು. ಜನರೇಟರು ನಡೆಯುವ ವೇಳೆ ಮಾತ್ರ ಈ ಸಾಕೆಟ್ಟುಗಳು ತಾವೇ ಆರಿಹೋಗುವಂತೆ ಜೋಡಿಸುವಂತೆ ವಯರಿಂಗಿನವರಿಗೆ ಮೊದಲೇ ಹೇಳಿರಿ. ಡೀಸೆಲ್ ಸುಟ್ಟು ಕಾರು ಚಾರ್ಜು ಮಾಡುವುದರಲ್ಲಿ ಅರ್ಥವಿಲ್ಲ.